ಸತ್ತವನ ಬೋಣಿಗೆ

ಮುದ್ದೇಬಿಹಾಳದ ಹಳೆಯ ಅರಳೆ ಗಿರಣಿಯ ಅಂಗಳಕ್ಕೆ ನಾನು ಕಾಲಿಟ್ಟಾಗ ಮಟಮಟ ಮಧ್ಯಾಹ್ನ. ಹೊರ್ತಿಯಿಂದ ಮೂರು ಬಸ್ಸು ಬದಲಿಸಿ ಬಂದಿದ್ದೆ. ತಲೆ ಕಾದಿತ್ತು, ಹೊಟ್ಟೆ ಹಸಿದಿತ್ತು, ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಇಂಥ ಹೊತ್ತಿನಲ್ಲಿ ಹೆಣ್ಣುಮಗಳು ಒಬ್ಬಳೇ ಪಾಳು ಕಟ್ಟಡ ಹೊಗಬಾರದು, ಗಾಳಿ ಬಡಿಯುತ್ತದೆ ಎಂದು ನಮ್ಮವ್ವ ನೂರು ಸಲ ಹೇಳಿದ್ದಳು. ಹಸಿದವಳಿಗೆ ಯಾವ ಗಾಳಿಯ ಭಯ? ಸೀದಾ ಒಳಗೆ ಹೋದೆ.

ಒಳಗೆ ಹತ್ತಿ ಬಿಡಿಸುವ ಯಂತ್ರಗಳು ತುಕ್ಕು ಹಿಡಿದು ಸಾಲಾಗಿ ನಿಂತಿದ್ದವು. ಅವು ತಿರುಗುವುದು ನಿಂತು ಎಷ್ಟೋ ವರ್ಷವಾಗಿದ್ದರೂ ಹತ್ತಿಯ ಎಳೆಗಳು ಇನ್ನೂ ತೇಲಾಡುತ್ತಿದ್ದವು. ಕಡೆಯ ಮೂಲೆಯಲ್ಲಿ ಒಬ್ಬ ಯುವಕ ಚಾದರ ಮಡಿಸುತ್ತಿದ್ದ. ಬಿಳಿ ಅಂಗಿ, ತೆಳ್ಳನೆಯ ಮೀಸೆ, ಕಣ್ಣ ಕೆಳಗೆ ಕಪ್ಪು. ಬಟ್ಟೆ ಮಡಿಸುವ ಸಪ್ಪಳ ಕೂಡ ಕೇಳಿಸುತ್ತಿರಲಿಲ್ಲ.

"ವ್ಯಾಪಾರ ಕಲಿಸೂ ಸಾಲಿ ಇದೇ ಏನ್ರಿ?" ಎಂದೆ.

ಅವನು ಹಿಂದೆ ತಿರುಗಿ ಗೋಡೆಯತ್ತ ನೋಡಿದ. ನಾನು ಅವನ ಹಿಂದಿದ್ದ ಯಾರನ್ನೋ ಕೇಳುತ್ತಿದ್ದೇನೆ ಎಂದುಕೊಂಡನೇನೋ. ಗೋಡೆಯ ಬಳಿ ಯಾರೂ ಇರಲಿಲ್ಲ.

"ನಿಮ್ಮನ್ನ ಕೇಳಾಕತ್ತೇನ್ರಿ. ಕಿವಿ ಅದಾವಿಲ್ಲೋ?"

"ನನ್ನನ್ನ ಏನ್ರಿ?" ಎಂದವನ ಮುಖ ಅರಳಿತು. ಒಂದು ಪ್ರಶ್ನೆ ಕೇಳಿದ್ದಕ್ಕೆ ಇಷ್ಟು ಖುಷಿಪಟ್ಟ ಮನುಷ್ಯನನ್ನು ನಾನು ನೋಡಿರಲಿಲ್ಲ. "ಇದೇ ಐತ್ರಿ. ಎಲ್ಲಾರೂ ಊಟಕ್ಕ ಹೋಗ್ಯಾರ. ಕುಂದರ್ರಿ. ಚಾದರ ಮಾರಾಕ ಬರತೈತೇನು ನಿಮಗ?"

"ಬಂದಿದ್ರ ಇಲ್ಲಿಗ್ಯಾಕ ಬರ್ತಿದ್ದೆ?"

ಅವನು ನಕ್ಕು ಒಂದು ಕೆಂಪು ಚಾದರ ಹಾಸಿದ. "ಗಿರಾಕಿ ಅರಿವಿ ಮುಟ್ಟೂತನಕ ಬೆಲಿ ಹೇಳಬಾರ್ದ್ರಿ. ಮೊದಲ ಕೈ ಒಪ್ಪಬೇಕು, ಆಮ್ಯಾಲ ಬಾಯಿ. ಹಿಡಿದು ನೋಡ್ರಿ." ಬಟ್ಟೆ ಹಿಡಿಯುವಾಗ ಅವನ ಬೆರಳು ನನ್ನ ಬೆರಳಿಗೆ ತಾಗಿತು. ಆ ಉರಿಬಿಸಿಲಿನಲ್ಲೂ ಅದು ತಣ್ಣಗಿತ್ತು. ಮೈ ಜುಂ ಎಂದಿತು. ಅದು ಭಯವೋ ಮತ್ತೊಂದೋ, ಆಗ ನನಗೆ ಗೊತ್ತಾಗಲಿಲ್ಲ.

ಇದು ಎಪ್ಪತ್ತಾರನೆಯ ಇಸವಿಯ ಮಾತು. ನನ್ನ ಹೆಸರು ಸಾವಂತ್ರವ್ವ. ಮಂದಿಯ ಹೊಲದಲ್ಲಿ ಕೂಲಿ ಮಾಡುವವರ ಮಗಳು. ಊರವರು ನನ್ನ ಬಾಯಿಗೆ ಹೆದರಿ ದೂರ ಇಟ್ಟಿದ್ದರು. ಸೊಲ್ಲಾಪುರದ ಒಂದು ಚಾದರ ಗಿರಣಿಯೂ ನಮ್ಮ ಕಡೆಯ ಒಂದು ಧರ್ಮಾರ್ಥ ಟ್ರಸ್ಟೂ ಕೂಡಿ, ಬಡವರ ಮಕ್ಕಳಿಗೆ ಆರು ತಿಂಗಳು ವ್ಯಾಪಾರ ಕಲಿಸುವ ಯೋಜನೆ ತೆಗೆದಿದ್ದವು. ಗಿರಣಿ ಮಾಲು ಕೊಡುವುದು, ಟ್ರಸ್ಟು ಊಟ, ವಸತಿ, ಪಾಠ ನೋಡಿಕೊಳ್ಳುವುದು. ಕಡೆಗೆ ಮೂರು ಸಂತೆಗಳಲ್ಲಿ ಒಬ್ಬೊಬ್ಬರೂ ಒಂದೊಂದು ಅಂಗಡಿ ಹಾಕಿ ನಡೆಸಿ ತೋರಿಸಬೇಕು. ನಡೆಸಿದವರಿಗೆ ಕಾಯಂ ಅಂಗಡಿ, ನಡೆಸದವರಿಗೆ ಬಂದ ಬಸ್ಸು. ಬಾಯಿ ಇದ್ದವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನಾವುದಿತ್ತು?

ಊಟ ಮುಗಿಸಿ ಎಲ್ಲರೂ ಬಂದರು. ಕಲಿಸುವವರು ಬಸವನ ಬಾಗೇವಾಡಿಯ ಅರಿವೆ ವ್ಯಾಪಾರಿ ಪರಪ್ಪ ಮಾಸ್ತರರು. ಪಟ್ಟಿ ತೆಗೆದು ಹೆಸರು ಕೂಗಿದರು. ಕಡೆಯ ಹೆಸರು ನನ್ನದು. "ಹನ್ನೊಂದು ಮಂದಿ. ಎಲ್ಲಾರೂ ಅದಾರ," ಎಂದು ಪಟ್ಟಿ ಮಡಿಸಿದರು.

ನಾನು ತಲೆ ಎಣಿಸಿದೆ. ಹನ್ನೆರಡು ಇದ್ದವು.

ಮೂಲೆಯವನ ಹೆಸರು ಯಾರೂ ಕೂಗಲಿಲ್ಲ. ಅವನನ್ನು ಯಾರೂ ನೋಡಲೂ ಇಲ್ಲ. ಅವನ ಮುಂದೆ ಹಾದುಹೋಗುವವರು ಬಾವಿಯ ಅಂಚಿನಲ್ಲಿ ನಡೆವಂತೆ ಸುತ್ತು ಹಾಕಿ ಹೋಗುತ್ತಿದ್ದರು. ಪಕ್ಕದಲ್ಲಿ ಕುಳಿತ ಅಬಿದಾಳನ್ನು ಮೆಲ್ಲಗೆ ಕೇಳಿದೆ, "ಆ ಮೂಲ್ಯಾಗ ಕುಂತಾಂವ ಯಾರ?"

ಅಬಿದಾ ತಲೆ ಎತ್ತಲಿಲ್ಲ. "ಯಾವ ಮೂಲ್ಯಾಗ? ಅಲ್ಲಿ ಯಾರೂ ಇಲ್ಲ," ಎಂದಳು. ಹೇಳುತ್ತ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರು ಮೂಡಿತು.

ಅವನು ಮಾತ್ರ ನನ್ನನ್ನೇ ನೋಡಿ ನಗುತ್ತಿದ್ದ.

ಮೂರು ದಿನ ಅವನನ್ನು ದೆವ್ವವೆಂದೇ ನಂಬಿದೆ. ನಂಬಿದರೂ ನೋಡುವುದನ್ನು ಬಿಡಲಿಲ್ಲ. ದೆವ್ವದ ಪಾದ ಹಿಂದುಮುಂದಾಗಿರುತ್ತದಂತೆ, ಅದಕ್ಕೆ ಅವನ ಕಾಲು ನೋಡುತ್ತಿದ್ದೆ. ಕಾಲಿನಿಂದ ಕಣ್ಣು ಮೇಲೇರಿದರೆ ಅವನ ಕಣ್ಣಿಗೇ ಸಿಕ್ಕಿಬೀಳುತ್ತಿದ್ದೆ. ಊಟಕ್ಕೆ ಅವನಿಗೆ ತಾಟು ಇಡುತ್ತಿರಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಯಾರೋ ಎರಡು ರೊಟ್ಟಿ ಇಟ್ಟು ಬರುತ್ತಿದ್ದರು, ಕಾಗೆಗೆ ಎಡೆ ಇಟ್ಟ ಹಾಗೆ. ಸ್ವಲ್ಪ ಹೊತ್ತಿಗೆ ಆ ರೊಟ್ಟಿ ಇರುತ್ತಿರಲಿಲ್ಲ.

ನಾಲ್ಕನೆಯ ದಿನ ಎಲ್ಲರೂ ಊಟಕ್ಕೆ ಎದ್ದಾಗ ನಾನು ಏಳಲಿಲ್ಲ.

"ನಾಕ ದಿನಾ ಆತ್ರಿ, ನನ್ನ ಕಾಲ ನೋಡಾಕತ್ತೀರಿ," ಎಂದ ಅವನು ಮೂಲೆಯಿಂದಲೇ. "ಕಾಲಬೆರಳು ಮುಂದ ಅದಾವ. ಬೇಕಂದ್ರ ಹತ್ತರ ಬಂದು ನೋಡ್ರಿ."

"ನೆರಳು?"

"ಹೊರಗ ಹೋದ್ರ ಬೀಳತೈತಿ. ಹನ್ನೆರಡು ಹೊಡದೈತಿ, ಸಣ್ಣದು ಬೀಳತೈತಿ. ಸಿಟ್ಟಾಗಬ್ಯಾಡ್ರಿ."

ನಾನು ಅರಿವೆ ಅಳೆಯುವ ಗಜಕಡ್ಡಿ ತೆಗೆದುಕೊಂಡು ಅವನ ತೋಳಿಗೆ ಚುಚ್ಚಿದೆ. ಕಡ್ಡಿ ಗಾಳಿಯಲ್ಲಿ ಹೋಗಲಿಲ್ಲ. ಅವನು "ಅವ್ವಾ" ಎಂದು ತೋಳು ತಿಕ್ಕಿಕೊಂಡ. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಆಮೇಲೆ ಎಲ್ಲ ಹೇಳಿದ. ಅವನ ಹೆಸರು ಚಂದ್ರಾಮ, ಊರು ತಂಗಡಗಿ. ಹಿಂದಿನ ವರ್ಷ ಕೃಷ್ಣೆಯಲ್ಲಿ ಹರಗೋಲು ಮಗುಚಿತ್ತು. ಹೆಣ ಸಿಗಲಿಲ್ಲ. ಎಂಟು ದಿನ ಕಾದು, ಹಿಟ್ಟಿನ ಗೊಂಬೆ ಮಾಡಿ, ಅದಕ್ಕೆ ಅವನ ಅಂಗಿ ತೊಡಿಸಿ ಹೊಳೆಯ ದಂಡೆಯಲ್ಲಿ ಮಣ್ಣು ಕೊಟ್ಟರು. ತಿಥಿಯ ಕಾರ್ಯವನ್ನೂ ಮುಗಿಸಿದರು. ಇಪ್ಪತ್ತನೆಯ ದಿನ, ಇಂಥದೇ ಮಟಮಟ ಮಧ್ಯಾಹ್ನ, ಅವನು ಊರೊಳಗೆ ನಡೆದು ಬಂದ. ಹೊಳೆಗುಂಟ ಎಲ್ಲೋ ಕೆಳಗೆ ಮೀನುಗಾರರು ಎತ್ತಿಕೊಂಡು, ಜ್ವರದಲ್ಲಿದ್ದವನನ್ನು ಬದುಕಿಸಿ ಕಳಿಸಿದ್ದರು.

"ಓಣಿ ತುಂಬ ಬಾಗಲಾ ಹಾಕ್ಕೊಂಡ್ರು. ನಮ್ಮವ್ವ ಕಿಂಡ್ಯಾಗ ನೋಡಿದ್ಲು. ಹೊಸ್ತಿಲದಾಚೆ ಎಡಿ ಇಟ್ಟು, 'ತಿಂದು ಹೋಗಪ್ಪಾ, ಮತ್ತ ಬರಬ್ಯಾಡ' ಅಂದ್ಲು."

ಮಣ್ಣಾದವನು ತಿರುಗಿ ಬಂದರೆ ಅವನು ಅವನಲ್ಲ, ಅವನ ರೂಪದಲ್ಲಿ ಬಂದ ಬೇರೇನೋ. ಅದರ ಹೆಸರು ಹಿಡಿದು ಕರೆದರೆ ಬೆನ್ನು ಹತ್ತುತ್ತದೆ. ಇದು ನಮ್ಮ ಕಡೆಯೂ ಇರುವ ನಂಬಿಕೆಯೇ. ಟ್ರಸ್ಟಿನ ಹಿರಿಯಳು ಕಸ್ತೂರೆವ್ವ ಒಬ್ಬಳೇ ಎದೆಗಟ್ಟಿ ಮಾಡಿ ಅವನನ್ನು ಇಲ್ಲಿ ಇರಿಸಿಕೊಂಡಿದ್ದಳು. ಗಿರಣಿಯ ಪಟ್ಟಿಯಲ್ಲಿ ಅವನಿರಲಿಲ್ಲ.

"ಒಂದು ಮಾತು ಯಾರಿಗೂ ಹೇಳಿಲ್ರಿ," ಎಂದ ಅವನು. "ಹೊಳ್ಯಾಗ ಬಿದ್ದ ಮ್ಯಾಲ ಎರಡು ದಿನಾ ನಾ ಎಲ್ಲಿದ್ದೆ ಅನ್ನೂದು ನನಗ ಗೊತ್ತಿಲ್ಲ. ಮೀನುಗಾರರು ಎತ್ತಿದಾಗ ನನ್ನ ಅಂಗಿ ಒಣಗಿತ್ತಂತ. ಒಮ್ಮೊಮ್ಮೆ ಅನಸತೈತಿ, ಮಂದಿ ಹೇಳೂದ ಖರೇ ಏನೋ."

ಹತ್ತಿಯ ಎಳೆಯೊಂದು ತೇಲಿ ಬಂದು ಅವನ ಮೀಸೆಯ ಮೇಲೆ ಕುಳಿತಿತು. ಅವನ ಉಸಿರಿಗೆ ಅದು ಹಾರಲಿಲ್ಲ. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಕಡೆಗೆ ನಾನೇ ಊದಿ ಹಾರಿಸಿದೆ. ಅಷ್ಟು ಹತ್ತಿರ ಹೋಗಿದ್ದೇನೆ ಎಂದು ಆಮೇಲೆ ತಿಳಿಯಿತು. ಅವನ ಕಿವಿ ಕೆಂಪಾಯಿತು. ಸತ್ತವರ ಕಿವಿ ಕೆಂಪಾಗುವುದನ್ನು ನಾನು ಕೇಳಿಲ್ಲ.

ಪಾಠದಲ್ಲಿ ಇಬ್ಬಿಬ್ಬರು ಕೂಡಿ ಒಬ್ಬರು ಗಿರಾಕಿ, ಒಬ್ಬರು ಅಂಗಡಿಕಾರರಾಗಿ ಆಡಬೇಕಿತ್ತು. ಹನ್ನೊಂದು ಮಂದಿಯಲ್ಲಿ ಒಬ್ಬರು ಉಳಿಯುತ್ತಿದ್ದರು. ಮರುದಿನದಿಂದ ನಾನೇ ಉಳಿಯತೊಡಗಿದೆ.

"ಎಂಥ ಚಾದರ ಬೇಕ್ರಿ ಬಾಯಾರ?" ಎನ್ನುತ್ತಿದ್ದ ನನಗೆ ಜೋಡಿಯಾದ ಚಂದ್ರಾಮ.

"ಗಟ್ಟಿದು. ಮಾರಾವನ ಬಾಯಿಹಾಂಗ ಜಾಳಾಗಿರಬಾರ್ದು."

"ಗಟ್ಟಿದಾದ್ರ ಚುಚ್ಚತೈತ್ರಿ, ಕೊಳ್ಳಾಕಿ ಮಾತಿನಹಾಂಗ."

ಮಾಸ್ತರರು ನನ್ನನ್ನು ಮಾತ್ರ ನೋಡಿ, "ಸಾವಂತ್ರಿ, ಒಬ್ಬಾಕಿನ ಯಾಕ ನಗ್ತಿ?" ಎನ್ನುತ್ತಿದ್ದರು. ಅಬಿದಾ ಎರಡು ದಿನ ನನ್ನ ಹತ್ತಿರ ಕೂರಲಿಲ್ಲ. ಆಮೇಲೆ ಹುಬ್ಬುಗಂಟು ಸಡಿಲಿಸಿ ಕಿವಿಯಲ್ಲಿ ಕೇಳಿದಳು, "ಕೈ ಥಣ್ಣಗ ಇರತಾವಂತಲ್ಲ, ಹೌದೇನ?" ನಾನು ನಾಚಿ ಸತ್ತೆ.

ಹೇಳಬೇಕೆಂದರೆ, ನನಗೆ ಅವನ ಮೇಲೆ ಜೀವ ಕುಳಿತಿತ್ತು. ಇಡೀ ಊರಿಗೆ ಕಾಣದವನು ನನಗೊಬ್ಬಳಿಗೆ ಕಾಣುತ್ತಾನೆ ಎನ್ನುವುದರಲ್ಲಿ ಒಂದು ಸೊಕ್ಕೂ ಇತ್ತು.

ಆರು ತಿಂಗಳ ಕಡೆಗೆ ಮೊದಲ ಸಂತೆ ಬಂತು. ನಮ್ಮ ಅಂಗಡಿಗಳು ಸಾಲಾಗಿ ಕುಳಿತವು. ಎಲ್ಲರಿಗೂ ಬೋಣಿಗೆ ಆಯಿತು. ದಿನದ ಮೊದಲ ಗಿರಾಕಿಯ ಕೈಗುಣದ ಮೇಲೆ ನಮ್ಮ ವ್ಯಾಪಾರ ನಿಂತಿರುತ್ತದೆ. ಕಸ್ತೂರೆವ್ವ ನನ್ನ ಪಕ್ಕದಲ್ಲೇ ಚಂದ್ರಾಮನಿಗೂ ಒಂದು ಅಂಗಡಿ ಹಾಕಿಕೊಟ್ಟಿದ್ದಳು, ಅವನ ಮುಂದೆ ಮಾತ್ರ ಸಂತೆ ಎರಡಾಗಿ ಸೀಳಿಹೋಗುತ್ತಿತ್ತು. ಗದ್ದಲದ ನಡುವೆ ಅಲ್ಲೊಂದು ತುಂಡು ನಿಶ್ಶಬ್ದ. ದೂರದೂರಿನ ಮುದುಕಿಯೊಬ್ಬಳು ತಿಳಿಯದೆ ಬಂದು ಚಾದರ ಮುಟ್ಟಿದಳು. ಯಾರೋ ಕಿವಿಯಲ್ಲಿ ಹೇಳಿದರು. ಅವಳು ಕೈಯನ್ನು ಮಣ್ಣಿಗೆ ತಿಕ್ಕಿ, ಮೂರು ಸಲ ಉಗುಳಿ ಹೋದಳು.

ನಾನು ಎದ್ದು ಕೊಳ್ಳಲು ಹೋದರೆ ಮಾಸ್ತರರು ತಡೆದರು. ನಮ್ಮೊಳಗೇ ಕೊಂಡದ್ದು ವ್ಯಾಪಾರವಲ್ಲ, ಗಿರಣಿಯ ನಿಯಮ.

ಎರಡನೆಯ ಸಂತೆಯೂ ಹಾಗೇ ಹೋಯಿತು. ಸೊಲ್ಲಾಪುರದಿಂದ ಬಂದಿದ್ದ ಗಿರಣಿಯ ಸಾಹೇಬರಿಗೆ ಇದೊಂದೂ ಗೊತ್ತಿರಲಿಲ್ಲ. "ಈ ಹುಡುಗನ ಹೆಸರ ಪಟ್ಟಿಗೆ ಸೇರಿಸ್ತೀನಿ ಬಾಯಾರ," ಎಂದರು ಕಸ್ತೂರೆವ್ವನಿಗೆ. "ಆದರ ಮುಂದಿನ ಸಂತಿಗೆ ಒಬ್ಬ ಗಿರಾಕಿ ಆದರೂ ಬರಬೇಕು. ಇಲ್ಲಂದ್ರ ಮಾಲು ತಿರುಗಿ ಒಯ್ಯತೀನಿ." ಮಾಲು ಹೋದರೆ ಚಂದ್ರಾಮನಿಗೆ ಇರಲು ಈ ಗಿರಣಿಯ ಮೂಲೆಯೂ ಇರುವುದಿಲ್ಲ. ಊರು ಅವನಿಗೆ ಮೊದಲೇ ಇರಲಿಲ್ಲ.

ಕಸ್ತೂರೆವ್ವ ನಮ್ಮಿಬ್ಬರನ್ನೂ ಕೂರಿಸಿಕೊಂಡಳು. "ಹಿರೇರ ಕಾಲದಿಂದ ಒಂದ ದಾರಿ ಐತಿ. ಮಣ್ಣಾದಾಂವ ಮರಳಿ ಬಂದ್ರ, ಮತ್ತ ಹುಟ್ಟಬೇಕು. ತೊಟ್ಟಿಲಕ್ಕ ಹಾಕಿ, ಸೋದರತ್ತಿ ಆದಾಕಿ ಕಿವ್ಯಾಗ ಹೆಸರ ಹೇಳಬೇಕು. ಆಗ ಮಂದಿ ಒಪ್ಪತಾರ." ಅವಳು ನನ್ನ ಕಡೆ ತಿರುಗಿದಳು. "ಈತನ ಅತ್ತಿ ರೇವವ್ವ ಬರೂದಿಲ್ಲ, ಹೆದರತಾಳ. ನಿನಗ ಹೆದರಿಕಿ ಇಲ್ಲ. ನೀನ ಅತ್ತಿ ಆಗಿ ಹೆಸರ ಇಡು."

"ನಾ ಒಲ್ಲೆ," ಎಂದೆ.

ಚಂದ್ರಾಮನ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಎದ್ದು ಹೋದ.

ಯಂತ್ರಗಳ ಸಾಲಿನ ಹಿಂದೆ ಅವನನ್ನು ಹುಡುಕಿದೆ. ಮೊದಲು ಕಾಣಲಿಲ್ಲ. ಮೂರು ಸಲ ಆ ಸಾಲಿನಲ್ಲೇ ಓಡಾಡಿದೆ, ಅಲ್ಲಿ ಯಾರೂ ಇರಲಿಲ್ಲ. ನಾಲ್ಕನೆಯ ಸಲ ಹೋದರೆ ಅಲ್ಲೇ ಕುಳಿತಿದ್ದ.

"ನೀವೂ ಹೆದರಿದ್ರಿ," ಎಂದ. "ತಪ್ಪಲ್ಲ ಬಿಡ್ರಿ."

"ಹೆದರಿಕಿ? ನನಗ?" ಸಿಟ್ಟು ನೆತ್ತಿಗೇರಿತು, 'ರಿ' ಎನ್ನುವುದೂ ಮರೆತುಹೋಯಿತು. "ಲೇ, ನಿನ್ನ ಕಿವ್ಯಾಗ ಹೆಸರ ಹೇಳಿದ್ರ ನಾ ನಿನಗ ಅತ್ತಿ ಆಗ್ತೇನಿ. ನಿಮ್ಮಪ್ಪನ ತಂಗಿ. ಅತ್ತಿ ಆದಾಕಿನ್ನ ಯಾರರೆ ಲಗ್ನ ಆಗ್ತಾರೇನು? ಅಷ್ಟೂ ತಿಳೀದಿಲ್ಲ ನಿನಗ?"

ಆಡಿದ ಮೇಲೆ ನನಗೇ ಕೇಳಿಸಿತು, ಏನು ಆಡಿದೆ ಎಂದು.

"ಸಾವಂತ್ರಿ," ಎಂದ ಅವನು, ಮೊದಲ ಸಲ ಹಾಗೆ ಕರೆದು. "ಹೊಳ್ಯಾಗ ನಾ ಅರ್ಧಾ ಉಳದಿದ್ರೂ, ಆ ಅರ್ಧಾ ನಿಂದ."

"ನನಗ ಅರ್ಧಾ ಬ್ಯಾಡ. ಪೂರಾ ಬೇಕು," ಎಂದೆ. ಅವನ ತಣ್ಣನೆಯ ಕೈಗಳನ್ನು ನನ್ನ ಎರಡು ಕೈಗಳಲ್ಲಿ ಹಿಡಿದು ಕುಳಿತೆ. ಬೆಚ್ಚಗಾಗಲು ತುಂಬ ಹೊತ್ತು ಬೇಕಾಯಿತು.

ರೇವವ್ವನನ್ನು ಒಪ್ಪಿಸಲೆಂದು ಮರುದಿನ ಕಸ್ತೂರೆವ್ವನನ್ನು ಕರೆದುಕೊಂಡು ತಂಗಡಗಿಗೆ ಹೋದೆ. ಹೊಳೆಯ ದಂಡೆಯ ದಾರಿಯಲ್ಲಿ ಒಂದು ಮಣ್ಣಿನ ದಿಬ್ಬದ ಮುಂದೆ ಹೆಂಗಸೊಬ್ಬಳು ಕುಳಿತು, ದಿಬ್ಬವನ್ನು ಮಗುವಿನ ಬೆನ್ನು ಸವರಿದ ಹಾಗೆ ಸವರುತ್ತಿದ್ದಳು. ಮುಂದೆ ಬಿಸಿರೊಟ್ಟಿ, ಪುಂಡಿಪಲ್ಯ. ಅದೇ ಕಣ್ಣು, ಕೆಳಗೆ ಅದೇ ಕಪ್ಪು. ಚಂದ್ರಾಮನ ತಾಯಿ ಹನಮವ್ವ.

"ಯವ್ವಾ, ನಿಮ್ಮ ಮಗ ಮುದ್ದೇಬಿಹಾಳದಾಗ ಅದಾನ," ಎಂದೆ.

"ಇಲ್ಲವ್ವಾ," ಎಂದಳು ಅವಳು, ಯಾವ ದುಃಖವೂ ಇಲ್ಲದೆ. "ನನ್ನ ಮಗ ಇಲ್ಲೆ ಅದಾನ. ದಿನಾ ಮಾತಾಡ್ತಾನ ನನ್ನ ಜೋಡಿ. ನೀ ಹೇಳೂದು ಬ್ಯಾರೆ. ಹೊಳಿ ನನ್ನ ಮಗನ್ನ ತುಗೊಂಡು, ಅಂವನಹಾಂಗ ಕಾಣೂದೊಂದು ಕಳಿಸೈತಿ."

ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು. ಗಾಳಿ ಇಲ್ಲದೆಯೂ ದಿಬ್ಬದ ಮೇಲಿನ ಹುಲ್ಲು ಅಲುಗಿತು. ಹನಮವ್ವ ತಲೆಯಾಡಿಸಿದಳು, ಯಾರೋ ಹೇಳಿದ್ದಕ್ಕೆ ಹೂಂಗುಟ್ಟುವವಳಂತೆ. ನಾನು ಕಸ್ತೂರೆವ್ವನ ಕೈ ಹಿಡಿದು ರೇವವ್ವನ ಮನೆಯ ಕಡೆ ನಡೆದೆ.

ರೇವವ್ವ ನಾವು ಎಣಿಸಿದಷ್ಟು ಗಟ್ಟಿಯಾಗಿರಲಿಲ್ಲ. ಎರಡು ಮಾತಿಗೆ ಅತ್ತಳು. "ಅಂದು ಅಂವ ನನ್ನ ಬಾಗಲಾನೂ ಬಡದಿದ್ದ. ನಾ ಒಳಗಿದ್ದೆ," ಎಂದಳು. "ಬರ್ತೇನಿ. ಆದ್ರ ಚಂದ್ರಾಮ ಅನ್ನೂ ಹೆಸರ ನಾ ಕರಿಯೂದಿಲ್ಲ. ಆ ಹೆಸರ ಮಣ್ಣಾಗ ಐತಿ. ಹೊಸಾ ಹೆಸರ, ಹೊಸಾ ಹುಟ್ಟು. ಆಮ್ಯಾಲ ನಮ್ಮ ವೈನಿ ಹನಮವ್ವಗ ಅಂವ ಮಗ ಅಲ್ಲ."

ತಿರುಗಿ ಬಂದು ಇದನ್ನು ಚಂದ್ರಾಮನಿಗೆ ಹೇಳುವುದು ನನ್ನ ಪಾಲಿಗೆ ಬಂತು. ಅವನು ಕೇಳಿ ಮುಖ ತಿರುಗಿಸಿಕೊಂಡ. "ಹಂಗಾರ ಅವ್ವನ್ನ ಅವ್ವಾ ಅನ್ನಾಂಗಿಲ್ಲ," ಎಂದ. ನಾನು ಸುಳ್ಳು ಸಮಾಧಾನ ಹೇಳಲಿಲ್ಲ. ಬದುಕಬೇಕೆಂದರೆ ಇದೊಂದೇ ದಾರಿ, ಒಲ್ಲೆ ಎಂದರೂ ನಾನು ನಿನ್ನ ಜೊತೆಗೇ ಇರುತ್ತೇನೆ ಎಂದೆ. ಮುಂಜಾನೆವರೆಗೆ ಯೋಚಿಸಿ, ಆಗಲಿ ಎಂದ.

ಮೂರನೆಯ ಸಂತೆಯ ಬೆಳಿಗ್ಗೆ, ತುಕ್ಕು ಹಿಡಿದ ಯಂತ್ರದ ಮೇಲಿನ ಕಬ್ಬಿಣದ ತೊಲೆಗೆ ಗಿರಣಿಯ ಎರಡು ಚಾದರ ಕೂಡಿಸಿ ತೊಟ್ಟಿಲ ಹಾಗೆ ಜೋಳಿಗೆ ಕಟ್ಟಿದರು. ಐದೂವರೆ ಅಡಿ ಆಳು ಮೊಣಕಾಲು ಗದ್ದಕ್ಕೆ ಹಚ್ಚಿಕೊಂಡು ಅದರೊಳಗೆ ಮಲಗಿದ. ಹೆಂಗಸರು ಮೊದಲು ಕಿಸಕ್ಕೆಂದರು. ಆಮೇಲೆ ಜೋಳಿಗೆ ತಾನಾಗಿ ತೂಗತೊಡಗಿತು. ಯಾರೂ ಮುಟ್ಟಿರಲಿಲ್ಲ. ನಗು ನಿಂತಿತು. ಒಳಗಿನಿಂದ ಉಸಿರಿನ ಸದ್ದೂ ಇರಲಿಲ್ಲ. ನಾನು ದೂರ ನಿಂತು ಕಾಣದ ದೇವರಿಗೆಲ್ಲ ಕೈ ಮುಗಿದೆ.

ಸಾವು ಮತ್ತೆ ಮೂಸಿ ನೋಡದಿರಲಿ ಎಂದು ರೇವವ್ವ ತಿಪ್ಪ ಎಂದು ಹೆಸರಿಡಲು ಹೊರಟಿದ್ದಳು. ಅಂಗಡಿ ಇಡುವವನಿಗೆ ತಿಪ್ಪ ಎಂದರೆ ಯಾರು ಬರುತ್ತಾರೆ ಎಂದು ಜಗಳವಾಡಿ ನಾನು ಬೇರೆ ಹೆಸರು ಒಪ್ಪಿಸಿದ್ದೆ. ಅವಳು ಬಾಗಿ ಅವನ ಕಿವಿಯಲ್ಲಿ ಹೇಳಿದಳು, "ರಾವಸಾಬ." ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದಿದರು. ಜೋಳಿಗೆಯೊಳಗಿಂದ ಒಂದು ದೀರ್ಘ ಉಸಿರು ಕೇಳಿಸಿತು, ನೀರಿನಿಂದ ಮೇಲೆ ಬಂದವನು ಎಳೆದುಕೊಳ್ಳುವಂಥದು. ಅಬಿದಾ ಚೀರಿ ನನ್ನನ್ನು ತಬ್ಬಿಕೊಂಡಳು. ರಾವಸಾಬ ಇಳಿದು ನಿಂತು ಅಳುತ್ತಿದ್ದ.

ಸುದ್ದಿ ಸಂತೆಯೆಲ್ಲ ಹಬ್ಬಿತು. ಜನ ಈಗ ಅವನನ್ನು ನೋಡುತ್ತಿದ್ದರು, ಕಣ್ಣು ಬಿಟ್ಟು ನೋಡುತ್ತಿದ್ದರು. ಮಾಸ್ತರರು ಎಲ್ಲರೆದುರು ಹೆಸರು ಹಿಡಿದು ಕರೆದು ಚಹಾ ಕೊಟ್ಟರು. ಆದರೆ ಕೊಳ್ಳಲು ಯಾರೂ ಬರಲಿಲ್ಲ. ಮೊದಲು ಬೇರೆಯವರು ಹೋಗಲಿ ಎಂದು ಪ್ರತಿಯೊಬ್ಬರೂ ನಿಂತಿದ್ದರು. ಬಿಸಿಲು ನೆತ್ತಿಗೆ ಬಂತು. ಗಿರಣಿಯ ಸಾಹೇಬರು ಜೀಪಿನ ಹತ್ತಿರ ಹೋಗಿ ಗಡಿಯಾರ ನೋಡಿದರು.

ಆಗ ನಿಂತ ಗುಂಪು ಸರಿದು ದಾರಿ ಬಿಟ್ಟಿತು. ಹನಮವ್ವ ಬಂದಳು. ಬರಿಗಾಲು, ತಲೆಯ ಮೇಲೆ ಸೆರಗು. ನೆಟ್ಟಗೆ ಅವನ ಅಂಗಡಿಯ ಮುಂದೆ ಕುಳಿತಳು.

ಅವನ ಬಾಯಿ ಅವ್ವಾ ಎನ್ನಲು ತೆರೆಯಿತು. ನಾನು ಬದಿಯಿಂದ ಅವನ ತೋಳು ಹಿಡಿದೆ.

"ನಿನ್ನ ಹೆಸರೇನಪ್ಪಾ?" ಎಂದಳು ಅವಳು.

"ರಾವಸಾಬ ಅಂತಾರ್ರಿ."

"ಛಲೋ ಹೆಸರು. ನನಗೊಂದು ಚಾದರ ಬೇಕು. ನನ್ನ ಮಗನ ವರ್ಷದ ದಿನ ಬಂದೈತಿ, ಹೊಸಾ ಅರಿವಿ ಹೊಚ್ಚಬೇಕು. ಹೊಳಿ ದಂಡ್ಯಾಗ ಮಲಗ್ಯಾನ. ಅಂವಗ ಮೊದಲಿಂದ ಥಂಡಿ ತಡಿಯೂದಿಲ್ಲ."

ಅವನು ಒಂದೊಂದೇ ಚಾದರ ಬಿಚ್ಚಿ ಹಾಸಿದ. ಬೆಲೆ ಹೇಳಲಿಲ್ಲ. ಅವಳು ಬಟ್ಟೆ ಮುಟ್ಟುತ್ತ, ಮುಟ್ಟುತ್ತ, ಅದರಡಿಯಲ್ಲಿದ್ದ ಅವನ ಬೆರಳಿನವರೆಗೂ ಬಂದು ಅಲ್ಲಿ ನಿಂತಳು.

"ಇದರಾಗ ಬೆಚ್ಚಗ ಇರತಾನೇನಪ್ಪಾ ನನ್ನ ಮಗ?"

"ಇರತಾನ್ರಿ," ಎಂದ ಅವನು. "ನಾ ಹೇಳ್ತೇನಲ್ಲ. ಬೆಚ್ಚಗ ಇರತಾನ."

ಹನಮವ್ವ ಕಂಕುಳಿಗೆ ಚಾದರ ಇಟ್ಟುಕೊಂಡು ಎದ್ದಳು. ಅವಳ ಹಿಂದೆಯೇ ಇಬ್ಬರು ಹೆಂಗಸರು ಮುಂದೆ ಬಂದು ಕುಳಿತರು, ಅವರ ಹಿಂದೆ ಇನ್ನೊಬ್ಬರು. ಅವಳು ಹೋಗುತ್ತ ನನ್ನ ಮುಂದೆ ನಿಂತಳು. ನನ್ನ ಕೈ ಇನ್ನೂ ಅವನ ತೋಳಿನ ಮೇಲಿತ್ತು.

"ಈತನ ಮನಿಯಾಕಿ ಏನವ್ವಾ ನೀ?"

ಲಗ್ನ ಇನ್ನೂ ಆಗಿರಲಿಲ್ಲ. "ಹೌದ್ರಿ," ಎಂದೆ.

ಅವಳು ನನ್ನ ಗದ್ದ ಹಿಡಿದಳು. ಅವಳ ಕೈಯೂ ಹಾಗೇ ತಣ್ಣಗಿತ್ತು. "ಈತನ್ನ ಹೊಳಿಗಿ ಇಳಸಬ್ಯಾಡ," ಎಂದು ಹೇಳಿ, ತಿರುಗಿ ನೋಡದೆ ತಂಗಡಗಿಯ ದಾರಿ ಹಿಡಿದಳು.